ಬೂದಿ ಬಾರಿಸಿದ ಗಂಟೆ

ಒಂದೂರಿತ್ತಂತೆ. ಆ ಊರಿನ ಹೆಸರು ನನಗೆ ಕತೆ ಹೇಳಿದವರಿಗೂ ನೆನಪಿರಲಿಲ್ಲ, ಅವರಿಗೆ ಹೇಳಿದವರಿಗೂ ನೆನಪಿರಲಿಲ್ಲ. ಹೆಸರು ಕಟ್ಟಿಕೊಂಡು ಏನಾಗಬೇಕು ಬಿಡಿ. ಊರ ಮುಂದೆ ಕಣ್ಣು ಹರಿಯುವಷ್ಟು ದೂರ ಹುಲ್ಲು ಬೆಳೆದ ಒಂದು ಕಾವಲಿತ್ತು, ಅಷ್ಟು ನೆನಪಿಟ್ಟುಕೊಂಡರೆ ಸಾಕು. ನಡುನಡುವೆ ಹೂಂ ಅನ್ನುತ್ತಿರಿ. ಹೂಂ ಅನ್ನುವವರಿಲ್ಲದಿದ್ದರೆ ನನ್ನ ಕತೆ ಮೊಂಡೆತ್ತಿನ ಹಾಗೆ ದಾರಿಯಲ್ಲೇ ಮಲಗಿಬಿಡುತ್ತದೆ.

ಆ ಕಾವಲನ್ನು ಹಿಂದಿನ ಕಾಲದ ಒಬ್ಬ ರಾಜ ಊರಿನ ದನಗಳಿಗೆಂದು ಬಿಟ್ಟುಕೊಟ್ಟಿದ್ದನಂತೆ. ಸುಮ್ಮನೆ ಕೊಟ್ಟರೆ ಅವನು ರಾಜ ಹೇಗಾದಾನು, ಜೊತೆಗೊಂದು ಕಟ್ಟಳೆಯನ್ನೂ ಕೊಟ್ಟ. ಕಾವಲಿನ ಬಾಯಲ್ಲಿ ಎರಡು ಕಲ್ಲುಕಂಬ ನೆಡಿಸಿ, ಮೇಲೊಂದು ಅಡ್ಡಗಲ್ಲು ಇಡಿಸಿ, ಅದಕ್ಕೊಂದು ಕಂಚಿನ ಗಂಟೆ ತೂಗುಹಾಕಿಸಿದ. ಗಂಟೆಯ ನಾಲಿಗೆಯಿಂದ ತೊಗಲಿನ ಬಾರೊಂದು ಕೆಳಗೆ ಇಳಿದಿತ್ತು. ವರ್ಷಕ್ಕೊಮ್ಮೆ, ದೀಪಾವಳಿಯ ಪಾಡ್ಯದ ದಿನ, ಊರಿನ ಕಡಸುಗಳೆಲ್ಲ ಒಂದೊಂದಾಗಿ ಆ ಕಂಬಗಳ ನಡುವೆ ಹಾಯಬೇಕು. ಕಡಸು ಅಂದರೆ ಇನ್ನೂ ಕರು ಹಾಕದ ಎಳೆ ಹಸು, ಪೇಟೆಯಿಂದ ಬಂದವರು ಯಾರಾದರೂ ಕೂತಿದ್ದರೆ ಇರಲಿ ಅಂತ ಹೇಳಿದೆ. ಯಾವ ಕಡಸಿನ ಬೆನ್ನು ಬಾರಿಗೆ ತಾಗಿ ಗಂಟೆ ಬಾರಿಸುತ್ತದೋ ಅದಕ್ಕೆ ಜೀವ ಇರುವ ತನಕ ಕಾವಲಿನ ಹುಲ್ಲು. ಮೂರು ಪಾಡ್ಯದ ತನಕ ಎಲ್ಲ ಕಡಸುಗಳೂ ಅಲ್ಲೇ ಮೇಯಬಹುದು, ಮೂರು ಕಳೆದರೂ ಬಾರಿಸಲಾಗದ ಕಡಸನ್ನು ಘಟ್ಟದ ಕೆಳಗಿನ ದಳ್ಳಾಳಿ ಬಂದು ಹಗ್ಗ ಹಾಕಿ ಹೊಡೆದುಕೊಂಡು ಹೋಗುತ್ತಿದ್ದ. ಹೋದ ಕಡಸು ಏನಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಅನ್ನಿ.

ಬೆನ್ನೇ ಬಾರಿಸಬೇಕು, ತಲೆ ಬಾರಿಸಿದರೆ ಲೆಕ್ಕಕ್ಕಿಲ್ಲ. ಅದಕ್ಕೇ ಕಂಬಗಳ ನಡುವಿನ ಹಾಸುಗಲ್ಲಿನ ಮೇಲೆ ಹಸಿಹುಲ್ಲು ಹರಡುತ್ತಿದ್ದರು. ಕಡಸು ಹುಲ್ಲಿಗೆ ಬಾಯಿ ಹಾಕುತ್ತಾ ತಲೆ ತಗ್ಗಿಸಿ ಹಾಯುತ್ತಿತ್ತು. ರಾಜರು ಎಷ್ಟು ಯೋಚನೆ ಮಾಡುತ್ತಿದ್ದರು ನೋಡಿ.

ಆ ಊರಿನ ಒಂದು ದೊಡ್ಡ ಮನೆಗೆ ಪುಟ್ಟೀರಿ ಅನ್ನುವ ಹುಡುಗಿ ಕಿರಿ ಸೊಸೆಯಾಗಿ ಬಂದಳು. ಆ ಊರಿನ ಪದ್ಧತಿಯಲ್ಲಿ ಸೊಸೆಯಾದವಳು ತವರಿಂದ ಬಳುವಳಿಯಾಗಿ ಒಂದು ಹೆಣ್ಣುಗರು ತರಬೇಕು. ಆ ಕರು ಬೆಳೆದು ಗಂಟೆ ಬಾರಿಸುವ ತನಕ ಸೊಸೆ ಕಡಗೋಲು ಮುಟ್ಟುವಂತಿಲ್ಲ. ಹಾಲು ಕಾಯಿಸುವುದು, ಮೊಸರು ಕಡೆಯುವುದು, ಬೆಣ್ಣೆ ತೆಗೆಯುವುದು ಯಾವುದೂ ಅವಳಿಗಿಲ್ಲ. ಸಗಣಿ ಬಾಚುವುದು, ಬೆರಣಿ ತಟ್ಟುವುದು, ತಿಪ್ಪೆಗೆ ಹೊರುವುದು ಅವಳ ಪಾಲು. ಕರು ದಳ್ಳಾಳಿಯ ಪಾಲಾಯಿತೋ, ಸೊಸೆ ಸಾಯುವ ತನಕ ತಿಪ್ಪೆಯ ಪಾಲು.

ಪುಟ್ಟೀರಿಯ ಇಬ್ಬರು ವಾರಗಿತ್ತಿಯರ ಕರುಗಳು ಯಾವತ್ತೋ ಗಂಟೆ ಬಾರಿಸಿದ್ದವು. ಅವರು ಕಡಗೋಲು ಹಿಡಿದು ಗತ್ತಿನಿಂದ ಕೂರುತ್ತಿದ್ದರು. ಪುಟ್ಟೀರಿಯ ಅಪ್ಪ ಬಡವ. ಅವನ ಮನೆಯಲ್ಲಿದ್ದದ್ದು ಒಂದೇ ಹಸು, ಅದು ಈದ ದಿನವೇ ಸತ್ತಿತ್ತು. ಮೇಕೆ ಹಾಲು, ರಾಗಿ ಅಂಬಲಿ ಕುಡಿಸಿ ಪುಟ್ಟೀರಿಯೇ ಆ ಕರುವನ್ನು ಉಳಿಸಿಕೊಂಡಿದ್ದಳು. ಅದನ್ನೇ ಹಿಡಿದುಕೊಂಡು ಗಂಡನ ಮನೆಯ ಹೊಸ್ತಿಲು ತುಳಿದಳು.

ಅತ್ತೆ ಮಾಳವ್ವ ಕರುವನ್ನು ಮೇಲಿಂದ ಕೆಳಗೆ ನೋಡಿದಳು. ಪಕ್ಕೆಲುಬು ಎಣಿಸಬಹುದಿತ್ತು. ಬಣ್ಣ ಒಲೆಯಿಂದ ಈಗ ತಾನೇ ಎದ್ದು ಬಂದ ಬೆಕ್ಕಿನದು.

"ಇದೇನೇ ಇದು, ನಿಮ್ಮಪ್ಪ ಒಲೆ ಬೂದಿ ಗುಡಿಸಿ ಕೊಟ್ಟವ್ನಾ?" ಅಂದಳು.

ವಾರಗಿತ್ತಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವತ್ತಿನಿಂದ ಆ ಕರುವಿನ ಹೆಸರು ಬೂದಿ ಅಂತಲೇ ಆಯಿತು. ಪುಟ್ಟೀರಿ ಕೊಟ್ಟಿಗೆಯಲ್ಲಿ ಬೂದಿಯ ಕೊರಳು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, "ನೀನು ಬಾರಿಸ್ತೀಯ ಕಣೆ ತಾಯಿ, ನೀನು ಬಾರಿಸ್ತೀಯ" ಅಂದಳು. ಕರು ಅವಳ ಸೆರಗು ಚೀಪುತ್ತಿತ್ತು.

ಮೊದಲನೇ ಪಾಡ್ಯ ಬಂತು. ಬೂದಿ ಹುಲ್ಲಿಗೆ ಬಾಯಿ ಹಾಕಿತು, ತಲೆ ತಗ್ಗಿಸಿತು, ಕಂಬಗಳ ನಡುವೆ ಹಾಯಿತು. ಬಾರು ಮೇಲೆ, ಬೆನ್ನು ಕೆಳಗೆ, ನಡುವೆ ಒಂದು ಮೊಳ ಬಯಲು. ಗಂಟೆ ಅಲ್ಲಾಡಲಿಲ್ಲ. ಊರಿಗೂರೇ ನಕ್ಕಿತು.

ಪುಟ್ಟೀರಿ ನಗಲೂ ಇಲ್ಲ, ಅಳಲೂ ಇಲ್ಲ, ನೋಡುತ್ತಾ ನಿಂತಳು. ಆಮೇಲೂ ದಿನಾ ನೋಡಿದಳು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಹೊತ್ತಿಗೆ ಕಾವಲಿನ ಹುಲ್ಲು ಒಣಗಿ ಪೊರಕೆಕಡ್ಡಿಯಾಯಿತು. ಕಡಸುಗಳು ಅದನ್ನು ಮೂಸಿ ಮೂಸಿ ನಿಂತವು. ಮಳೆಗಾಲದಲ್ಲಿ ಮೈಗೆ ಹತ್ತಿದ್ದೆಲ್ಲ ಬೇಸಿಗೆಯಲ್ಲಿ ಇಳಿದುಹೋಯಿತು. ಬರೀ ಬೂದಿಯದಲ್ಲ, ಊರಿನ ಎಲ್ಲ ಕಡಸುಗಳದೂ ಇದೇ ಪಾಡು. ಆದರೂ ಯಾರೂ ಒಂದು ಹಿಡಿ ತೌಡು ಹಾಕುತ್ತಿರಲಿಲ್ಲ. ಯಾಕೆ ಅಂದರೆ ಆ ಊರಿನವರ ನಂಬಿಕೆಯೇ ಹಾಗೆ. ಕಾವಲಿನ ಹುಲ್ಲು ಕಾವಲಮ್ಮನ ಎದೆಹಾಲಂತೆ. ಅದನ್ನು ಉಣ್ಣುವ ಕರುವಿಗೆ ಮನೆಯಲ್ಲಿ ತುತ್ತಿಟ್ಟರೆ, ನಿನ್ನ ಹಾಲು ಸಾಲದು ಅಂತ ತಾಯಿಯ ಮುಖದ ಮೇಲೇ ಹೇಳಿದಂತಾಗುತ್ತದಂತೆ. ಕರೆಯುವ ಹಸುವಿಗೆ ಹಿಂಡಿ ಇಡುತ್ತಿದ್ದರು, ಉಳುವ ಎತ್ತಿಗೆ ಹುರುಳಿ ಬೇಯಿಸುತ್ತಿದ್ದರು. ಬೆಳೆಯುವ ಕಡಸಿಗೆ ಮಾತ್ರ ಏನೂ ಇಲ್ಲ. ತಾಯಿಗೆ ಮರ್ಯಾದೆ ಕೊಡುತ್ತೇವೆ ಅಂತ ಮಕ್ಕಳನ್ನು ಉಪವಾಸ ಕೆಡವುವ ಜಾಣರು.

ಊರಲ್ಲಿ ಸಿದ್ದಜ್ಜ ಅಂತ ಎಣ್ಣೆ ಗಾಣದ ಮುದುಕನಿದ್ದ. ಅವನ ಗಾಣದೆತ್ತು ಕಡುಬೇಸಿಗೆಯಲ್ಲೂ ಮಿರಮಿರ ಮಿಂಚುತ್ತಿತ್ತು. ಪುಟ್ಟೀರಿ ಬೆರಣಿ ಕೊಡಲು ಹೋದವಳು ಕೇಳಿದಳು.

"ಅಜ್ಜ, ನಿನ್ನೆತ್ತು ತಿನ್ನೋದೂ ಜೋಳದ ಒಣ ಸಪ್ಪೆನೇ. ಆದ್ರೂ ಹಿಂಗೆ ಹೊಳೀತದಲ್ಲ?"

"ಎಳ್ಳಲ್ಲಿರೋ ಎಣ್ಣೆ ನಾನು ತಗೋತೀನಿ ಮಗಾ, ಸತ್ವ ಹಿಂಡೀಲೇ ಉಳೀತದೆ. ಅದನ್ನ ಅವನಿಗೆ ಕೊಡ್ತೀನಿ," ಅಂದ ಸಿದ್ದಜ್ಜ. "ನಾವಿಬ್ರೂ ಪಾಲುದಾರ್ರು."

"ನಂಗೂ ಒಂದು ಪಾಲು ಕೊಡಜ್ಜ. ದಿನಾ ಮಧ್ಯಾಹ್ನ ಬಂದು ನಿನ್ನ ಗಾಣ ಕೆರೆದು ತೊಳೆದು ಕೊಡ್ತೀನಿ."

ಮುದುಕನಿಗೂ ಬೆನ್ನು ಬಗ್ಗುತ್ತಿರಲಿಲ್ಲ, ಒಪ್ಪಿದ. ಅವತ್ತಿನಿಂದ ಪುಟ್ಟೀರಿ ಹಿಂಡಿಯ ಉಂಡೆಗಳನ್ನು ಮಡಿಲಲ್ಲಿ ಬಚ್ಚಿಟ್ಟು ತಂದಳು. ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು, ಹಿಂಡಿ ನೆನೆಸಿ, ತೌಡು ಕಲಸಿ, ಹುರುಳಿ ನುಚ್ಚು ಬೇಯಿಸಿ ಸುರಿದು, ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಅದಕ್ಕೇ ಹಾಕಿ, ಬಾನಿ ತುಂಬ ಬೂದಿಯ ಮುಂದಿಟ್ಟಳು. ಬೂದಿ ಬಾನಿಯ ತಳ ನೆಕ್ಕಿ ಮುಗಿಸಿ, ತೇಗಿ, ಆಮೇಲೆ ಮಂದೆಯ ಜೊತೆ ಕಾವಲಿಗೆ ಹೋಗುತ್ತಿತ್ತು. ದಿನಾ ಬಾನಿ ತುಂಬ, ದಿನಾ ಬಾನಿ ತುಂಬ. ಬೂದಿಯ ಹೊಟ್ಟೆ ಗುಡಾಣದ ಹಾಗೆ ಉಬ್ಬಿತು. ಮೈ ಮಿಂಚಿತು. ಪುಟ್ಟೀರಿಯ ಖುಷಿಗೆ ಕೊನೆಯಿಲ್ಲ. ಕಡಗೋಲು ಹಿಡಿದೇಬಿಟ್ಟೆ ಅಂದುಕೊಂಡಳು.

ಎರಡನೇ ಪಾಡ್ಯ ಬಂತು. ಅವತ್ತೂ ಪುಟ್ಟೀರಿ ಬೆಳಿಗ್ಗೆ ಹಬ್ಬ ಅಂತ ಇನ್ನಷ್ಟು ಸುರಿದಿದ್ದಳು. ಬೂದಿ ಕಂಬಗಳ ಹತ್ತಿರ ಬಂತು. ಹಾಸುಗಲ್ಲಿನ ಮೇಲಿನ ಹಸಿಹುಲ್ಲು ನೋಡಿತು. ನೋಡಿ ಮುಖ ತಿರುಗಿಸಿತು. ಹೊಟ್ಟೆಯಲ್ಲಿ ಜಾಗವಿದ್ದರೆ ತಾನೇ ಬಗ್ಗುವುದು? ತಲೆ ಎತ್ತಿಕೊಂಡೇ ಮಹಾರಾಣಿಯ ಹಾಗೆ ಹಾಯಿತು. ಕೋಡು ಬಾರಿಗೆ ಸಿಕ್ಕಿಕೊಂಡು ಗಂಟೆ ಢಣ್ ಅಂತು.

"ಬಾರಿಸ್ತು," ಅಂತ ಪುಟ್ಟೀರಿ ಕುಣಿದೇಬಿಟ್ಟಳು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೋಡು ಬಾರಿಸಿದ್ದು ಯಾವ ಕಾಲದಲ್ಲಿ ಲೆಕ್ಕ? ಗಂಟೆ ಕಾಯುವವನು ಬೂದಿಯ ಮೂಗುದಾರ ಜಗ್ಗಿ, ತಲೆ ಬಗ್ಗಿಸಿ ಇನ್ನೊಮ್ಮೆ ಹಾಯಿಸಿದ. ಬಾರು ಮೇಲೆ, ಬೆನ್ನು ಕೆಳಗೆ, ನಡುವೆ ಒಂದು ಗೇಣು ಬಯಲು. ಹೊಟ್ಟೆ ಮಾತ್ರ ಎರಡು ಕಂಬಕ್ಕೂ ಉಜ್ಜಿಕೊಂಡು ಹೋಯಿತು. ಗಂಟೆ ಅಲ್ಲಾಡಲಿಲ್ಲ. ಅದೇ ದಿನ ಮಾಳವ್ವನ ಸ್ವಂತ ಕಡಸು ಗೌರಿ, ಕೊಟ್ಟಿಗೆಯ ಒಳ್ಳೆ ಹಸುವಿನ ಮಗಳು, ತನ್ನ ಮೊದಲನೇ ಪಾಡ್ಯ ಹಾಯ್ದು ಬಾರಿಸದೆ ಹೋಯಿತು. ಆ ಸಿಟ್ಟೂ ಪುಟ್ಟೀರಿಯ ತಲೆಗೇ ಬಂತು.

ಮಾಳವ್ವ ಕೊಟ್ಟಿಗೆಗೆ ನುಗ್ಗಿ ಬಾನಿ ಮೂಸಿದಳು. ಎಳ್ಳಿಂಡಿಯ ವಾಸನೆ ಬಚ್ಚಿಟ್ಟರೆ ಉಳಿಯುತ್ತದೆಯೇ?

"ಕಾವಲಿಗೆ ಹೋಗೋ ಕರೂಗೆ ತುತ್ತಿಟ್ಯಾ? ಕಾವಲಮ್ಮ ಮುನಿಸ್ಕೊಂಡವ್ಳೆ ಕಣೆ, ಕಣ್ಣಿಗೆ ಕಾಣ್ತಿಲ್ವಾ? ಹುಲ್ಲು ಕಂಡ್ರೆ ಮುಖ ತಿರುಗಿಸ್ತದೆ ನಿನ್ನ ಕರು. ನಾಳೆಯಿಂದ ಒಂದು ಕಾಳು ಹಾಕಿದ್ರೆ ನೋಡು."

ಹುಲ್ಲು ಕಂಡು ಮುಖ ತಿರುಗಿಸಿದ್ದು ನಿಜವಾಗಿತ್ತು. ತಾನೇ ಕೈಯಾರೆ ತನ್ನ ಕರುವನ್ನು ಕೆಡಿಸಿದೆನೇ ಅಂದುಕೊಂಡಳು ಪುಟ್ಟೀರಿ.

ಮಾರನೇ ದಿನ ತಿಪ್ಪೆಯ ಬುಟ್ಟಿ ಅಲ್ಲೇ ಬಿಸಾಡಿ, ಬೂದಿಯ ಹಿಂದೆಯೇ ಕಾವಲಿಗೆ ಹೋದಳು. ಕಾವಲಿಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಅವತ್ತು ಬಾನಿ ಇಟ್ಟಿರಲಿಲ್ಲ, ಆದರೂ ಬೂದಿ ರೂಢಿಯ ಹಾಗೆ ಜಾಲಿ ಮರದ ನೆರಳಿಗೆ ಹೋಗಿ ಮಲಗಿತು. ಮಿಕ್ಕ ಕಡಸುಗಳು ಮೇಯುತ್ತಿದ್ದವು. ಪುಟ್ಟೀರಿ ಕಾವಲಮ್ಮನ ಕಲ್ಲಿಗೆ ಹಣೆಯಿಟ್ಟು, "ತಪ್ಪಾಯ್ತು ತಾಯಿ" ಅಂತ ಕಣ್ಣೀರು ಹಾಕಿದಳು.

ಆಗ ಕಲ್ಲಿನ ಹಿಂದಿನಿಂದ ಒಂದು ಬೆಳ್ಳಕ್ಕಿ ಕತ್ತು ಚಾಚಿ, "ತಪ್ಪಾಯ್ತು ಅಂತ ನನ್ ಹತ್ರ ಹೇಳು, ಅವಳ ಹತ್ರ ಯಾಕೆ ಹೇಳ್ತೀಯ?" ಅಂತಂತೆ. ಆ ಕಾಲದಲ್ಲಿ ಹಕ್ಕಿಗಳಿಗೆ ಮಾತು ಬರುತ್ತಿತ್ತು. ಈಗಲೂ ಬರುತ್ತದೇನೋ, ಕೂತು ಕೇಳುವವರಿಲ್ಲ.

"ನಿಂಗೇನು ತಪ್ಪು ಮಾಡಿದ್ದೀನವ್ವ ನಾನು?" ಅಂದಳು ಪುಟ್ಟೀರಿ.

"ನನ್ ಹೊಟ್ಟೆ ಮೇಲೆ ಹೊಡೆದಿದ್ದೀಯ. ಕೇಳು. ಕರು ನಡೆದ್ರೆ ಹುಲ್ಲು ಅಲ್ಲಾಡ್ತದೆ. ಹುಲ್ಲು ಅಲ್ಲಾಡಿದ್ರೆ ಮಿಡತೆ ಹಾರ್ತದೆ. ಮಿಡತೆ ಹಾರಿದ್ರೆ ನನ್ ಹೊಟ್ಟೆ ತುಂಬ್ತದೆ. ಒಂದು ಕರು ಹಿಂದೆ ಒಂದು ಹಕ್ಕಿ ಅಂತ ನಮ್ಮಲ್ಲಿ ಪಾಲಾಗಿದೆ, ನನ್ ಪಾಲಿಗೆ ಬಂದದ್ದು ನಿನ್ ಕರು. ಅದು ಬೆಳಿಗ್ಗೆ ಬರೋವಾಗ್ಲೇ ಗಂಟಲ ತನಕ ತುಂಬ್ಕೊಂಡು ಬರ್ತದೆ. ಬಂದು ಮಲಗ್ತದೆ. ಕರು ನಡೀದು, ಹುಲ್ಲು ಅಲ್ಲಾಡದು, ಮಿಡತೆ ಹಾರದು. ನಾನೇನು ಗಾಳಿ ಕುಡೀಲಾ?"

ಪುಟ್ಟೀರಿ ಅಳು ನಿಲ್ಲಿಸಿ ಕಣ್ಣೊರೆಸಿಕೊಂಡಳು.

"ಕಾವಲಮ್ಮ ಮುನಿಸ್ಕೊಂಡಿಲ್ವಾ ಹಂಗಾದ್ರೆ?"

"ಅವಳ್ಯಾಕೆ ಮುನಿಸ್ಕೋತಾಳೆ? ಮುನಿಸ್ಕೊಂಡಿರೋಳು ನಾನು," ಅಂತು ಬೆಳ್ಳಕ್ಕಿ. ಹಾಗಂದು ಗೌರಿಯ ಹಿಂದೆ ಒಂದು ಮಿಡತೆ ಹಾರಿದ್ದು ಕಂಡು, ಮಾತು ಅಲ್ಲಿಗೇ ಬಿಟ್ಟು ಓಡಿತು. ಹಸಿದವರಿಗೆ ಉಪದೇಶ ಮಾಡುವಷ್ಟು ಪುರುಸೊತ್ತು ಎಲ್ಲಿ.

ಪುಟ್ಟೀರಿ ಅಲ್ಲೇ ಕೂತು ಯೋಚನೆ ಮಾಡಿದಳು. ತುತ್ತಿಟ್ಟರೆ ಮೇಯುವುದಿಲ್ಲ, ಮಲಗುತ್ತದೆ. ಮೇಯದಿದ್ದರೆ ಹೊಟ್ಟೆ ಬೆಳೆಯುತ್ತದೆ, ಬೆನ್ನು ಬೆಳೆಯುವುದಿಲ್ಲ. ತುತ್ತಿಡದಿದ್ದರೆ ಬೇಸಿಗೆಯಲ್ಲಿ ಒಣಗುತ್ತದೆ. ಇಟ್ಟರೂ ಕೆಟ್ಟೆ, ಬಿಟ್ಟರೂ ಕೆಟ್ಟೆ. ಹಾಗೆ ಯೋಚಿಸುತ್ತಾ ಮಧ್ಯಾಹ್ನ ಗಾಣಕ್ಕೆ ಹೋದಳು, ಸಂಜೆ ತನಕ ಅಲ್ಲೇ ಉಳಿದಳು. ಸಿದ್ದಜ್ಜ ಎತ್ತಿನ ಕೊರಳ ನೊಗ ಬಿಚ್ಚಿದ. ಎತ್ತು ಮೊದಲು ಸಪ್ಪೆಯ ರಾಶಿಗೆ ಬಾಯಿ ಹಾಕಿತು. ಸಪ್ಪೆ ತಿಂದು ಮುಗಿಸಿ ತಲೆ ಎತ್ತಿದ ಮೇಲೆ ಸಿದ್ದಜ್ಜ ಒಂದೇ ಒಂದು ಹಿಂಡಿಯ ಉಂಡೆ, ಮೇಲಿಷ್ಟು ಉಪ್ಪು ಬಾಯಿಗಿಟ್ಟ.

ಪುಟ್ಟೀರಿ ದಿನಾ ಗಾಣ ತೊಳೆದವಳೇ. ಆದರೆ ಮಧ್ಯಾಹ್ನವೇ ಓಡಿಹೋಗುತ್ತಿದ್ದ ಅವಳ ಕಣ್ಣಿಗೆ ಇದು ಬಿದ್ದಿರಲಿಲ್ಲ.

"ಅಜ್ಜ, ಹಿಂಡಿ ಮೊದ್ಲೇ ಯಾಕೆ ಕೊಡಲ್ಲ?"

"ಮೊದ್ಲೇ ಕೊಟ್ರೆ ಸಪ್ಪೆ ಮುಟ್ತಾನಾ ಅವನು? ಪಾಯಸ ಕುಡಿದವ್ನು ಮುದ್ದೆ ಕೇಳ್ತಾನಾ?" ಅಂದ ಸಿದ್ದಜ್ಜ. "ಸಪ್ಪೆ ಹೊಟ್ಟೆ ತುಂಬೋಕೆ. ಹಿಂಡಿ ಆ ಸಪ್ಪೆನ ಮೈಗೆ ಹತ್ತಿಸೋಕೆ. ನೀನು ಯಾವಾಗ ಕೊಡ್ತಿದ್ದೆ?"

ಪುಟ್ಟೀರಿ ನಾಚಿಕೆಯಾಗಿ ಮಡಿಲು ಕೊಡವಿಕೊಂಡು ಮನೆಗೆ ಬಂದಳು.

ನೇರವಾಗಿ ಅತ್ತೆಯ ಮುಂದೆ ನಿಂತಳು. ಮಾಳವ್ವ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

"ಅತ್ತೆ, ಇನ್ನೊಂದು ವರ್ಷ ನಂಗೆ ಬಿಟ್ಟುಕೊಡಿ. ಬಾನಿ ತುಂಬ ಅಲ್ಲ, ಒಂದೇ ಒಂದು ಹಿಡಿ. ಬೆಳಿಗ್ಗೆ ಅಲ್ಲ, ಕಾವಲಿಂದ ಹೊಟ್ಟೆ ತುಂಬ ಮೇಯ್ಕೊಂಡು ಬಂದ ಮೇಲೆ. ನೀವು ಊಟ ಆದ ಮೇಲೆ ಎಲೆಯಡಿಕೆ ಹಾಕ್ಕೋತೀರಲ್ಲ, ಅದ್ರಿಂದ ಅಡುಗೆ ಮಾಡಿದವ್ರಿಗೆ ಅವಮಾನ ಆಗ್ತದಾ?"

ಮಾಳವ್ವನಿಗೆ ಬಾಯಲ್ಲಿ ಎಲೆಯಡಿಕೆ ಇದ್ದದ್ದರಿಂದ ತಕ್ಷಣ ಬೈಯಲಾಗಲಿಲ್ಲ. ಅಗಿದು, ಉಗಿದು, ಆಮೇಲೆ ಅಂದಳು.

"ಮಾತು ಬಲ್ತವೆ ನಿಂಗೆ. ಆಗ್ಲಿ. ಆದ್ರೆ ಕೇಳಿಸ್ಕೋ. ಬೆಳ್ಳಕ್ಕಿಗಳು ಕಾವಲಮ್ಮನ ಮಕ್ಕಳು, ಅವಳು ಮುನಿದ ದನದ ಹಿಂದೆ ಒಂದೂ ಹೋಗಲ್ಲ. ಹೋಗ್ಲಿಲ್ಲ ಅಂದ್ರೆ ಅವತ್ತೇ ನಿಲ್ಸಬೇಕು. ಮುಂದಿನ ಪಾಡ್ಯದಾಗೆ ಗಂಟೆ ಬಾರಿಸ್ಲಿಲ್ವೋ, ದಳ್ಳಾಳಿ ಕೈಗೆ ಹಗ್ಗ ನೀನೇ ಕೊಡ್ಬೇಕು. ಆಮೇಲೆ ಸಾಯೋಗಂಟ ತಿಪ್ಪೆ."

"ಆಗ್ಲಿ ಅತ್ತೆ," ಅಂದಳು ಪುಟ್ಟೀರಿ. ಆಗಲಿ ಅಂದಳೇ ಹೊರತು, ದಳ್ಳಾಳಿಯ ಕೈಗೆ ತಾನೇ ಹಗ್ಗ ಕೊಡುವುದನ್ನು ನೆನೆದು ಕೊಟ್ಟಿಗೆಗೆ ಓಡಿ ಬೂದಿಯ ಕೊರಳು ತಬ್ಬಿಕೊಂಡಳು.

ಮೂರನೇ ವರ್ಷ ಶುರುವಾಯಿತು. ಬೆಳಿಗ್ಗೆ ಬೂದಿ ಬಾನಿಗಾಗಿ ಅಂಬಾ ಅನ್ನುತ್ತಿತ್ತು. ಪುಟ್ಟೀರಿ ಕಿವಿಗೆ ಸೆರಗು ತುರುಕಿಕೊಂಡು ಸಗಣಿ ಬಾಚಿದಳು. ಅದು ತಿರುಗಿ ತಿರುಗಿ ನೋಡುತ್ತಾ ಕಾವಲಿಗೆ ಹೋಯಿತು. ಅಲ್ಲಿ ಮಲಗಿತು. ಹೊಟ್ಟೆ ಚುರುಗುಟ್ಟಿತು, ಎದ್ದಿತು. ಹುಲ್ಲಿಗೆ ಬಾಯಿ ಹಾಕಿತು. ಸಂಜೆ ಬಂದಾಗ ಪುಟ್ಟೀರಿ ಪಕ್ಕೆ ಮುಟ್ಟಿ ನೋಡಿದಳು. ಎಡಗಡೆ ಗುಳಿ ತುಂಬಿ ಬಂದಿದ್ದರೆ ಒಂದು ಹಿಡಿ ಹಿಂಡಿ, ಒಂದು ಚಿಟಿಕೆ ಉಪ್ಪು. ತುಂಬಿಲ್ಲದಿದ್ದರೆ ಕೊರಳು ತುರಿಸಿ, "ನಾಳೆ ಮೇಯ್ಕೊಂಡು ಬಾ ಕಣವ್ವ" ಅನ್ನುತ್ತಿದ್ದಳು. ದನಕ್ಕೇನು ಬುದ್ಧಿ ಕಮ್ಮಿಯೇ? ಒಂದು ಅಮಾವಾಸ್ಯೆ ಕಳೆಯುವುದರೊಳಗೆ ಬೂದಿಗೆ ಎಲ್ಲ ಅರ್ಥವಾಯಿತು. ಬೆಳಿಗ್ಗೆ ಮಂದೆಗಿಂತ ಮುಂದೆ ಓಡುತ್ತಿತ್ತು, ಸಂಜೆ ಮಂದೆಗಿಂತ ಹಿಂದೆ ಬರುತ್ತಿತ್ತು.

ಕರು ನಡೆಯಿತು, ಹುಲ್ಲು ಅಲ್ಲಾಡಿತು. ಹುಲ್ಲು ಅಲ್ಲಾಡಿತು, ಮಿಡತೆ ಹಾರಿತು. ಮಿಡತೆ ಹಾರಿತು, ಬೆಳ್ಳಕ್ಕಿಯ ಹೊಟ್ಟೆ ತುಂಬಿತು. ಅದು ಹೋಗಿ ತನ್ನ ಅಕ್ಕನಿಗೆ ಹೇಳಿತು, ಅಕ್ಕ ವಾರಗಿತ್ತಿಗೆ ಹೇಳಿದಳು. ಹಕ್ಕಿಗಳಲ್ಲೂ ಮಾತು ನಿಲ್ಲುವುದಿಲ್ಲ ನೋಡಿ. ಬೂದಿಯ ಹಿಂದೆ ಬೆಳ್ಳಕ್ಕಿಗಳ ಸಾಲು ಹತ್ತಿತು.

ಆಮೇಲೆ ಬೇಸಿಗೆ ಬಂತು. ಎಂಥ ಬೇಸಿಗೆ ಅಂತೀರಿ, ಬಾವಿಯ ಕಪ್ಪೆಗೂ ಬಾಯಾರಿತ್ತಂತೆ. ಹುಲ್ಲು ಒಣಗಿ ಪೊರಕೆಕಡ್ಡಿಯಾಯಿತು. ಹೊಲದಲ್ಲಿ ಎಳ್ಳು ಸುಟ್ಟುಹೋಗಿ ಗಾಣ ನಿಂತಿತು.

"ಇನ್ನು ಹಿಂಡಿ ಎಲ್ಲಿಂದ ತರ್ಲಿ ಮಗಾ," ಅಂದ ಸಿದ್ದಜ್ಜ. "ನನ್ನೆತ್ತಿಗೇ ಇಲ್ಲ."

ಕಡಸುಗಳು ಮತ್ತೆ ಹುಲ್ಲು ಮೂಸಿ ಮೂಸಿ ನಿಂತವು. ಒಂದು ವಾರ ಕಳೆಯುವುದರೊಳಗೆ ಬೂದಿಯ ಪಕ್ಕೆಲುಬೂ ಇಣುಕಿತು. ಮಾಳವ್ವ ಅದನ್ನು ನೋಡಿದಳು. ಅವಳ ಗೌರಿಯ ಪಕ್ಕೆಲುಬೂ ಇಣುಕಿತ್ತು.

ಪುಟ್ಟೀರಿಯ ಗಂಡ ದ್ಯಾವಣ್ಣ ಒಳ್ಳೆಯವನು. ಅವನಿಗೆ ಬಾಯಿ ಇಲ್ಲದಿಲ್ಲ, ಅವ್ವ ಇದ್ದ ಕಡೆ ಅದು ತೆರೆಯುತ್ತಿರಲಿಲ್ಲ ಅಷ್ಟೆ. ಅವನು ಒಂದು ದಿನ ಕಾವಲಿನ ಅಂಚಲ್ಲಿ ಮೇಕೆಗಳು ಜಾಲಿ ಮರದ ಕೆಳಗೆ ಗುದ್ದಾಡುವುದು ಕಂಡು, ಉದುರಿದ ನಾಲ್ಕು ಕಾಯಿ ತಂದು ಹೆಂಡತಿಯ ಕೈಗೆ ಹಾಕಿದ.

"ಮೇಕೆಗಳು ಇದಕ್ಕೇ ಕೊಬ್ಬಿರೋದು. ನೋಡು, ನಿನ್ ಮಗಳು ತಿಂತಾಳಾ ಅಂತ."

ಬೂದಿ ಮೂಸಿತು, ಅಗಿಯಿತು, ಇನ್ನೂ ಬೇಕು ಅಂತ ಕೈ ನೆಕ್ಕಿತು. ಪುಟ್ಟೀರಿ ಗಂಡನ ಎದುರಿಗೆ ನಗಬಾರದು ಅಂತ ಬೇರೆ ಕಡೆ ತಿರುಗಿ ನಕ್ಕಳು. ಅವತ್ತಿನಿಂದ ಗಂಡ ಉದ್ದನೆ ಗಳ ಹಿಡಿದು ಜಾಲಿಕಾಯಿ ಬಡಿಯುವುದು, ಹೆಂಡತಿ ಆರಿಸಿ, ಒಣಗಿಸಿ, ಒರಳಲ್ಲಿ ಕುಟ್ಟಿ ಪುಡಿ ಮಾಡುವುದು. ಮುಳ್ಳು ಚುಚ್ಚಿ ಚುಚ್ಚಿ ಅವಳ ಕೈ ಜರಡಿಯಾಯಿತು. ಹಸಿರಿದ್ದಾಗ ಒಂದು ಹಿಡಿ ಸಾಕಿತ್ತು, ಈ ಒಣಹುಲ್ಲಿಗೆ ಒಂದು ಬೊಗಸೆ ಬೇಕಾಯಿತು. ಅದೂ ಸಂಜೆಯೇ, ಮೇಯ್ದು ಬಂದ ಮೇಲೆಯೇ. ಬೊಗಸೆ ಪುಡಿ ಒಳಗೆ ಹೋದ ಬೂದಿಗೆ ಮಾರನೇ ದಿನ ಒಣಹುಲ್ಲೂ ರುಚಿಸಿತು. ಮಿಕ್ಕ ಕಡಸುಗಳು ಮೂಸಿ ನಿಂತ ಜಾಗದಲ್ಲಿ ಬೂದಿ ಕರಕರ ಅಂತ ಮೇಯಿತು. ಕರು ನಡೆಯಿತು, ಹುಲ್ಲು ಅಲ್ಲಾಡಿತು, ಮಿಡತೆ ಹಾರಿತು. ಎಲ್ಲ ಕಡಸುಗಳೂ ಬಡವಾದ ಬೇಸಿಗೆಯಲ್ಲಿ ಬೂದಿ ಒಂದೇ ಬೆಳೆಯಿತು. ಮಳೆ ಬಿದ್ದಾಗ ಮಿಕ್ಕವು ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದರಲ್ಲೇ ಇದ್ದವು, ಬೂದಿ ಇದ್ದಲ್ಲಿಂದ ಮುಂದಕ್ಕೆ ಬೆಳೆಯಿತು.

ಮೂರನೇ ಪಾಡ್ಯ ಬಂತು.

ದಳ್ಳಾಳಿ ಹಿಂದಿನ ದಿನವೇ ಬಂದು ಕಂಬದ ಹತ್ತಿರ ಹಗ್ಗ ಹೊಸೆಯುತ್ತಾ ಕೂತಿದ್ದ. ಊರವರೆಲ್ಲ ಬಂದರು. ವಾರಗಿತ್ತಿಯರು ಹೊಸ ಸೀರೆಯುಟ್ಟು ಬಂದರು. ಮಾಳವ್ವ ಗೌರಿಯನ್ನು ಹಿಡಿದು ಮುಂದೆ ನಿಂತಳು. ಗೌರಿಯದು ಎರಡನೇ ಪಾಡ್ಯ. ಅದು ಹುಲ್ಲಿಗೆ ಬಾಯಿ ಹಾಕಿತು, ತಲೆ ತಗ್ಗಿಸಿತು, ಹಾಯಿತು. ಬಾರು ಮೇಲೆ, ಬೆನ್ನು ಕೆಳಗೆ, ನಡುವೆ ಒಂದು ಗೇಣು ಬಯಲು. ಗಂಟೆ ಅಲ್ಲಾಡಲಿಲ್ಲ. ಮಾಳವ್ವನ ಮುಖ ಕಪ್ಪಾಯಿತು.

ಕಡೆಗೆ ಬೂದಿಯ ಸರದಿ. ಪುಟ್ಟೀರಿ ಅದರ ಹಣೆಗೆ ಕುಂಕುಮವಿಟ್ಟು ಹಗ್ಗ ಬಿಟ್ಟಳು. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ, ಬೂದಿಗೂ ಏನೂ ಇಟ್ಟಿರಲಿಲ್ಲ.

ಬೂದಿ ನಡೆದು ಬಂತು. ಅದರ ಹಿಂದೆ ಒಂದು ಬೆಳ್ಳಕ್ಕಿ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕಾವಲಿನ ಬೆಳ್ಳಕ್ಕಿಗಳೆಲ್ಲ ಮದುವೆ ದಿಬ್ಬಣದ ಹಾಗೆ ಸಾಲಾಗಿ ಬಂದವು. ಊರವರು ಬಾಯಿ ಬಿಟ್ಟುಕೊಂಡು ನೋಡಿದರು. ಮಾಳವ್ವ ಕಾವಲಮ್ಮನ ಕಲ್ಲಿನ ಕಡೆ ನೋಡಿ ಕೆನ್ನೆಗೆ ಹೊಡೆದುಕೊಂಡಳು.

ಬೂದಿ ಹಾಸುಗಲ್ಲಿನ ಮೇಲಿನ ಹಸಿಹುಲ್ಲು ಕಂಡಿತು. ಮುಖ ತಿರುಗಿಸಲಿಲ್ಲ. ತಲೆ ತಗ್ಗಿಸಿ, ಬಾಯಿ ತುಂಬ ಹುಲ್ಲು ಕಿತ್ತುಕೊಂಡು, ಒಂದು ಹೆಜ್ಜೆ ಇಟ್ಟಿತು. ಬಾರು ಮೇಲಿತ್ತು. ಬೆನ್ನೂ ಮೇಲಿತ್ತು. ನಡುವೆ ಬಯಲೇ ಇರಲಿಲ್ಲ.

ಢಣ್ ಅಂತು ಗಂಟೆ.

ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದು ಹಾರಿದವು. ಪುಟ್ಟೀರಿ ಕುಣಿಯಲಿಲ್ಲ. ಹಿಂದೊಮ್ಮೆ ಕುಣಿದು ನಗೆಪಾಟಲಾಗಿದ್ದಳಲ್ಲ, ಗಂಟೆ ಕಾಯುವವನ ಬಾಯನ್ನೇ ನೋಡಿದಳು.

"ಬೆನ್ನೇ ಬಾರಿಸಿದ್ದು," ಅಂದ ಅವನು. "ಲೆಕ್ಕ."

ಆದರೆ ಬೂದಿ ಅಷ್ಟಕ್ಕೇ ಮುಂದೆ ಹೋಗಲಿಲ್ಲ. ಹುಲ್ಲು ಇನ್ನೂ ಇತ್ತಲ್ಲ. ಕಂಬಗಳ ನಡುವೆಯೇ ನಿಂತು ಮೇಯತೊಡಗಿತು. ಒಂದು ಬಾಯಿ ಕಿತ್ತರೆ ಬೆನ್ನು ಅಲ್ಲಾಡುತ್ತಿತ್ತು, ಬೆನ್ನು ಅಲ್ಲಾಡಿದರೆ ಬಾರು ಜಗ್ಗುತ್ತಿತ್ತು, ಬಾರು ಜಗ್ಗಿದರೆ ಗಂಟೆ ಬಾರಿಸುತ್ತಿತ್ತು. ಢಣ್, ಢಣ್, ಢಣ್. ಗಂಟೆ ಕಾಯುವವನು ಬಾಲ ಹಿಡಿದು ಜಗ್ಗಿದ, ಜಗ್ಗಲಿಲ್ಲ. ದಳ್ಳಾಳಿ ಕಿವಿ ಮುಚ್ಚಿಕೊಂಡು ಹಗ್ಗ ಸುತ್ತಿಕೊಂಡು ಎದ್ದು ಹೋದ. ರಾಜ ಗಂಟೆ ಕಟ್ಟಿಸಿದಾಗಿನಿಂದ ಒಂದು ಕಡಸಿಗೆ ಒಂದೇ ಸದ್ದು ಕೇಳಿದ್ದ ಊರು, ಅವತ್ತು ಹಾಸುಗಲ್ಲಿನ ಕಡೇ ಎಸಳು ಮುಗಿಯುವ ತನಕ ಗಂಟೆ ಕೇಳಿತು. ಪುಟ್ಟೀರಿ ಕಂಬಕ್ಕೆ ಒರಗಿ, ಎಲ್ಲರ ಎದುರಿಗೇ, ಮುಖ ತಿರುಗಿಸದೆ ನಕ್ಕಳು. ನಗುತ್ತಾ ಅತ್ತಳು.

ಮನೆಗೆ ಬಂದ ಮೇಲೆ ಮಾಳವ್ವ ಒಳಗೆ ಹೋಗಿ ಕಡಗೋಲು ತಂದಳು. ಬಲಗೈಯಲ್ಲಿ ಕಡಗೋಲು ಚಾಚಿದಳು. ಪುಟ್ಟೀರಿ ಸೆರಗಿಗೆ ಕೈಯೊರೆಸಿಕೊಂಡು, ಮುಳ್ಳು ಚುಚ್ಚಿದ ಎರಡೂ ಕೈ ಮುಂದೆ ಮಾಡಿ ತೆಗೆದುಕೊಂಡಳು. ಆದರೆ ಮಾಳವ್ವ ಅಲ್ಲಿಂದ ಕದಲಲಿಲ್ಲ. ಬೆನ್ನ ಹಿಂದೆ ಎಡಗೈಯಲ್ಲಿ ಇನ್ನೇನನ್ನೋ ಹಿಡಿದು ನಿಂತಿದ್ದಳು. ಸೊಸೆಯ ಮುಂದೆ ಮಾತಿಗೆ ತಡವರಿಸಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

"ಏನತ್ತೆ?" ಅಂದಳು ಪುಟ್ಟೀರಿ.

ಮಾಳವ್ವ ಎಡಗೈ ಮುಂದೆ ಮಾಡಿದಳು. ಅದರಲ್ಲಿ ಗೌರಿಯ ಹಗ್ಗವಿತ್ತು.

"ಇದಕ್ಕೆ ಇನ್ನೊಂದೇ ಪಾಡ್ಯ ಉಳ್ದಿರೋದು ಕಣವ್ವ," ಅಂದಳು. "ಇದಕ್ಕೂ ಒಂದು ಹಿಡಿ ಹಾಕು."

ಪುಟ್ಟೀರಿ ಗೌರಿಯ ಎಡಗಡೆ ಪಕ್ಕೆ ಮುಟ್ಟಿ ನೋಡಿದಳು.

"ಇವತ್ತು ಇದು ಹೊಟ್ಟೆ ತುಂಬ ಮೇಯ್ದಿಲ್ಲ ಅತ್ತೆ," ಅಂದಳು. "ನಾಳೆ ಮೇಯ್ಕೊಂಡು ಬರ್ಲಿ, ಹಾಕ್ತೀನಿ."

ಮಾಳವ್ವ ಗೌರಿಯನ್ನು ಕಟ್ಟಿ ಒಳಗೆ ಹೋದಳಂತೆ. ಮುಂದಿನ ಪಾಡ್ಯಕ್ಕೆ ಗೌರಿಯೂ ಬಾರಿಸಿತು, ಪುಟ್ಟೀರಿಯನ್ನು ನೋಡಿ ಊರವರೂ ಸಂಜೆ ಒಂದೊಂದು ಹಿಡಿ ಹಾಕಿದ್ದರಿಂದ ಮಿಕ್ಕ ಕಡಸುಗಳೂ ಬಾರಿಸಿದವು. ದಳ್ಳಾಳಿ ಆ ದಾರಿ ಬಿಟ್ಟು ಬೇರೆ ಕಸುಬು ನೋಡಿಕೊಂಡ. ಬೂದಿ ಕರು ಹಾಕಿ, ಕೊಡ ತುಂಬ ಹಾಲು ಕೊಟ್ಟಿತು, ಪುಟ್ಟೀರಿ ಕಡೆದ ಬೆಣ್ಣೆಯಲ್ಲಿ ಮೊದಲ ಮುದ್ದೆ ಗಾಣದ ಸಿದ್ದಜ್ಜನಿಗೆ ಹೋಯಿತು. ಬೆಳ್ಳಕ್ಕಿಗೆ ಮಾತ್ರ ಅವಳು ಏನೂ ಕೊಡಲಿಲ್ಲ. ಕರು ನಡೆಯುತ್ತಿತ್ತು, ಹುಲ್ಲು ಅಲ್ಲಾಡುತ್ತಿತ್ತು, ಅದಕ್ಕೆ ಇನ್ನೇನು ಬೇಕು?

ಅವರು ಅಲ್ಲಿ ಗಟ್ಟಿ ಮೊಸರು ಕಲಸಿಕೊಂಡು ಉಣ್ಣುತ್ತಿದ್ದಾರೆ, ನಾವು ಇಲ್ಲಿ ನೀರುಮಜ್ಜಿಗೆ ಕುಡಿದು ಅವರ ಕತೆ ಹೇಳುತ್ತಿದ್ದೇವೆ. ಹೂಂ ಅಂದವರ ಮನೆಯ ಕೊಟ್ಟಿಗೆ ತುಂಬಲಿ, ನಿದ್ದೆ ಹೋದವರನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗಿ.